ಹತ್ತು ಲೀಟರ್ ವೈನಿಗೆ ಎರಡು ಚಮಚ

ಅಕ್ಕಸಾಲಿಯೊಬ್ಬ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುತ್ತಿದ್ದ. ಹೋದ ವರ್ಷ ಮಾಡಿದ್ದೆಲ್ಲ ಹುಳಿಯಾಗಿ ಬಚ್ಚಲಿಗೆ ಹೋಗಿತ್ತು. ಆ ಸಂಕಟ ಇನ್ನೂ ಆರಿರಲಿಲ್ಲ. ಈ ಸಲ ಕೆಡದಿರಲೆಂದು ಅಂಗಡಿಯಿಂದ ಸಲ್ಫೈಟ್ ಪುಡಿ ತಂದು, ಹತ್ತು ಲೀಟರಿಗೆ ಎರಡು ಚಮಚ ತುಂಬಿ ಹಾಕಿದ.

ಭಾನುವಾರ ಅವನ ಅಕ್ಕ ಊಟಕ್ಕೆ ಬಂದಳು. ಅವಳಿಗೆ ಚಿಕ್ಕಂದಿನಿಂದಲೂ ಉಬ್ಬಸ. ಮೊದಲ ಲೋಟ ಅವಳಿಗೇ ಕೊಟ್ಟು, ತಾನೂ ಒಂದು ಲೋಟ ತೆಗೆದುಕೊಂಡ. ಬೆಂಕಿಕಡ್ಡಿ ಗೀರಿದಂಥ ವಾಸನೆ ಮೂಗಿಗೆ ಬಡಿದರೂ, ತಮ್ಮನ ಮುಖ ನೋಡಿ ಅವಳು ಎರಡು ಗುಟುಕು ಕುಡಿದಳು. ಸ್ವಲ್ಪ ಹೊತ್ತಿಗೆ ಎದೆ ಸುಯ್‌ಗುಟ್ಟತೊಡಗಿತು. ಆಡುತ್ತಿದ್ದ ಮಾತು ಅರ್ಧಕ್ಕೇ ನಿಂತಿತು.

ಅವನ ಕೂಗಿಗೆ ಪಕ್ಕದ ಮನೆಯ ನರ್ಸ್ ಓಡಿ ಬಂದಳು. ಅಕ್ಕನನ್ನು ನೆಟ್ಟಗೆ ಕೂರಿಸಿ, ಅಕ್ಕನ ಚೀಲದಲ್ಲೇ ಇದ್ದ ಇನ್‌ಹೇಲರ್ ಕೊಟ್ಟು, ಆಸ್ಪತ್ರೆಗೂ ಜೊತೆಗೇ ಹೋದಳು. ಸಂಜೆ ಹೊತ್ತಿಗೆ ಉಸಿರು ಹದಕ್ಕೆ ಬಂದು, ಮೂವರೂ ಮನೆಗೆ ಮರಳಿದರು.

"ಏನೋ ಧೂಳಿರಬೇಕು ಬಿಡೋ," ಎಂದಳು ಅಕ್ಕ.

"ಧೂಳಿನ ಹಾಗೆ ಕಾಣಲ್ಲ. ಅಣ್ಣ, ವೈನಿಗೆ ಏನು ಹಾಕಿದ್ರಿ?" ನರ್ಸ್ ಕೇಳಿದಳು.

"ಎಲ್ಲರೂ ಹಾಕೋ ಸಲ್ಫೈಟ್ ಪುಡೀನೇ. ನಾನೂ ಕುಡಿದೆನಲ್ಲ, ನನಗೇನೂ ಆಗಲಿಲ್ಲ."

"ಹಾಕಿದ್ದು ತಪ್ಪಲ್ಲ. ಎಷ್ಟು ಹಾಕಿದ್ರಿ?"

"ಹತ್ತು ಲೀಟರಿಗೆ ಎರಡು ಚಮಚ. ಕಣ್ಣಂದಾಜು."

ಅವಳು ಪುಡಿಯ ಪೊಟ್ಟಣ ತೆಗೆದು ಓದಿದಳು. "ಅಷ್ಟು ವೈನಿಗೆ ಒಂದು ಸಲಕ್ಕೆ ಒಂದು ಗ್ರಾಂ ಸಾಕು. ನೀವು ಅದರ ಹತ್ತರಷ್ಟು ಹಾಕಿದ್ದೀರಿ. ಗುಲಗಂಜಿ ತೂಕದ ಚಿನ್ನಾನೂ ಉಸಿರು ಬಿಗಿಹಿಡಿದು ತೂಗೋರು ನೀವು. ಇದನ್ನೂ ತೂಗಬಾರದಿತ್ತಾ?"

ಅವನು ತಲೆ ತಗ್ಗಿಸಿದ. "ನನ್ನ ಕೈಯಾರೆ ಕೊಟ್ಟೆನಲ್ಲ ಅಕ್ಕ."

ಅಕ್ಕ ಅವನ ಕೈ ಹಿಡಿದುಕೊಂಡಳು. "ನಿಂಗೇನು ಗೊತ್ತಿತ್ತು? ವಾಸನೆ ಬಂದಾಗ ನಾನಾದ್ರೂ ಹೇಳಬೇಕಿತ್ತು."

"ಮುಂದಿನ ಸಲ ಅಳತೇಲಿ ಹಾಕಿದ್ರೆ ಅಕ್ಕ ಕುಡೀಬಹುದಲ್ವಾ?" ಎಂದು ಅವನು ನರ್ಸನ್ನು ಕೇಳಿದ.

"ಬೇಡ ಅಣ್ಣ. ಇವರಂಥವರಿಗೆ ಸ್ವಲ್ಪವೇ ಆದ್ರೂ ತೊಂದರೆ ಕೊಡಬಹುದು. ಪುಡಿ ಹಾಕದಿದ್ರೂ ವೈನ್ ಆಗುವಾಗ ತಾನಾಗೇ ಒಂದಿಷ್ಟು ಸಲ್ಫೈಟ್ ಹುಟ್ಟತ್ತೆ."

"ಈಗಿರೋ ವೈನ್?"

"ಹಾಕಿದ್ದನ್ನ ವಾಪಸ್ ತೆಗೆಯೋಕಾಗಲ್ಲ. ಚೆಲ್ಲಿಬಿಡಿ."

ಅವನು ಮನಸ್ಸು ಗಟ್ಟಿ ಮಾಡಿಕೊಂಡು ಚೆಲ್ಲಿದ. ಹೊಸ ವೈನಿಗೆ ಪುಡಿಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿ, ನೀರಲ್ಲಿ ಕರಗಿಸಿ ಹಾಕಿದ. ಸಲ್ಫೈಟ್ ಎಷ್ಟಿದೆಯೆಂದು ತೋರಿಸುವ ಪರೀಕ್ಷಾ ಪಟ್ಟಿ ಅದ್ದಿ ನೋಡಿದ. ಬಾಟಲಿಗಳಿಗೆ 'ಸಲ್ಫೈಟ್ ಇದೆ' ಎಂಬ ಚೀಟಿ ಅಂಟಿಸಿದ. ಮತ್ತೆ ಊಟಕ್ಕೆ ಬಂದ ಅಕ್ಕನಿಗೆ ಆಗತಾನೇ ಹಿಂಡಿದ ದ್ರಾಕ್ಷಿ ರಸ ಕೊಟ್ಟ.

"ಬಣ್ಣ ಒಂದೇ. ಕುಡುಕಿ ಅಂತಾರೆ ನೋಡೋರು," ಎಂದು ಅವಳು ನಕ್ಕಳು. ಆ ನಗು ಎಲ್ಲೂ ತಡೆಯದೆ, ಕೆಮ್ಮದೆ, ಪೂರ್ತಿ ಮುಗಿಯಿತು.

ನೀವೂ ಮನೆಯಲ್ಲಿ ವೈನ್ ಮಾಡುವವರಾದರೆ, ಚಮಚವನ್ನು ಪಕ್ಕಕ್ಕಿಟ್ಟು ತಕ್ಕಡಿ ತೆಗೆದುಕೊಳ್ಳಿ. ಪೊಟ್ಟಣದ ಮೇಲಿನ ಅಳತೆ ಓದಿ. ಪುಡಿಯನ್ನು ಮೂಸಬೇಡಿ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಮುಖ್ಯವಾಗಿ, ಲೋಟ ಕೈಗೆ ಕೊಡುವ ಮುಂಚೆ ಒಂದು ಮಾತು ಕೇಳಿ: "ನಿಮಗೆ ಉಬ್ಬಸ ಇದೆಯಾ?"