ಕೈ ಸೋಕದ ಮರಳು

"ಒರೆಸ್ಕೊಂಡ್ ಒತ್ತೇ, ದರಿದ್ರದವಳೇ! ಆ ಗಾಜೇನು ನಿಮ್ಮಪ್ಪನ ಮನೆ ಗೋಡೆನಾ, ಸುಣ್ಣ ಬಳಿದಂಗೆ ಬಳೀತೀಯಲ್ಲ!"

ಮರಳಕ್ಕ ಹೆಬ್ಬೆರಳನ್ನು ಅಂಗಿಯ ಅಂಚಿಗೆ ಉಜ್ಜಿ ಮತ್ತೆ ಗಾಜಿನ ಮೇಲಿಟ್ಟಳು. ಯಂತ್ರ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ ಕೆಂಪಾಯಿತು. ಏಳನೆಯ ಸಲ. ಅವಳ ಹಿಂದಿದ್ದವರೆಲ್ಲ ಪಕ್ಕಕ್ಕೆ ಸರಿದು, ತಂತಮ್ಮ ಬೆರಳು ಒತ್ತಿ, ತಿರುಗುವ ಕಬ್ಬಿಣದ ಕಂಬಿಗಳನ್ನು ದಾಟಿ ಒಳಗೆ ಹೋದರು.

"ನನ್ನ ಮುಖ ನೋಡಯ್ಯಾ," ಎಂದಳು. "ಇಪ್ಪತ್ತಾರು ವರ್ಷದಿಂದ ನೋಡ್ತಿದೀಯ. ನಾನು ನಾನಲ್ವಾ?"

"ನಾನ್ ನೋಡಿದ್ರೆ ಏನ್ ಬಂತು? ಅದು ನೋಡ್ಬೇಕು." ಸೂಪರ್‌ವೈಸರು ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯಿಂದ ಯಂತ್ರವನ್ನು ತೋರಿಸಿದ. ಆ ಸೀಟಿಯಿಂದಾಗಿಯೇ ಅವನಿಗೆ ಕಾರ್ಖಾನೆಯಲ್ಲಿ ಸೀಟಿ ಎಂದೇ ಹೆಸರು. "ಅದರ ಲೆಕ್ಕದಲ್ಲಿ ನೀನಿಲ್ಲ. ಆ ಬೆಂಚ್ ಮೇಲೆ ಬಿದ್ದಿರು. ಎಂಜಿನಿಯರು ಟ್ಯಾಬಪ್ಪ ಬಂದು ಕೈಯಲ್ಲಿ ಬರ್ಕೊಂಡ್ಮೇಲೆ ಒಳಗೆ."

"ಅವನು ಬರೋದು ಊಟ ಆದ್ಮೇಲೆ!"

"ಹಾಗಿದ್ರೆ ಊಟ ಆದ್ಮೇಲೆ."

ಅವಳು ಬೆಂಚಿನ ಮೇಲೆ ಕುಳಿತು ಬೆರಳುಗಳನ್ನು ನೋಡಿಕೊಂಡಳು. ಎರಕದ ಅಚ್ಚಿಗೆ ಬೇಕಾದ ಮರಳು, ಜೇಡಿ, ನೀರು, ಈ ಮೂರನ್ನು ಇಪ್ಪತ್ತಾರು ವರ್ಷ ಕಲಸಿದ ಬೆರಳುಗಳು. ತುದಿಗಳು ಚಮಚದ ಬೆನ್ನಿನಂತೆ ನುಣ್ಣಗಾಗಿದ್ದವು. ಒಂದು ಗೆರೆಯೂ ಉಳಿದಿರಲಿಲ್ಲ.

ಅವಳ ತಮ್ಮ ಕೊನೆಗೆ ಬಂದ, ಹಲ್ಲು ಕಿರಿಯುತ್ತ. ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವವನು ಅವನೇ. "ಏನಕ್ಕಾ, ಇವತ್ತೂ ನಿನ್ನ ಬೆರಳು ಮುನಿಸ್ಕೊಂಡಿದ್ಯಾ?"

"ಹೋಗೋ ಬಡ್ಡಿಮಗನೇ. ಮಧ್ಯಾಹ್ನದ ಎರಕ ಮಾತ್ರ ನಾನು ಬರೋವರೆಗೂ ತಡಿ. ಮರಳು ಬಿಸಿ ಆಗಿರುತ್ತೆ."

"ಪರದೆ ಮೇಲೆ ಹಸಿರು ಬಂದ್ರೆ ಸುರೀಲೇಬೇಕಂತೆ ಕಣಕ್ಕಾ. ತಡ ಮಾಡಿದ್ರೆ ಪರದೆ ನನ್ನ ಹೆಸರು ಬರ್ಕೊಳುತ್ತೆ. ಈ ತಿಂಗಳು ಎರಡ್ ಸಲ ಬರ್ಕೊಂಡಿದೆ. ಮೂರನೇದಕ್ಕೆ ಮನೆಗೆ." ಬೆರಳು ಒತ್ತಿ, ಹಸಿರು ಬರಿಸಿ, ಒಳಗೆ ಹೋಗುತ್ತ ತಿರುಗಿ ಹೇಳಿದ: "ನೋಡು, ನನ್ನ ಬೆರಳು ಎಷ್ಟು ಮರ್ಯಾದಸ್ತ!"

ಆರು ತಿಂಗಳ ಹಿಂದಿನವರೆಗೆ ಆ ಕಾರ್ಖಾನೆಯಲ್ಲಿ ಎರಕಕ್ಕೆ ಅಪ್ಪಣೆ ಕೊಡುತ್ತಿದ್ದುದು ಮರಳಕ್ಕನ ಕೈ. ಕಲಸುವ ಮಿಲ್ಲಿನಿಂದ ಬಂದ ಮರಳನ್ನು ಒಂದು ಹಿಡಿ ತೆಗೆದು ಹಿಸುಕುವಳು. ಉಂಡೆಯನ್ನು ನಡುವೆ ಮುರಿಯುವಳು. ಮುರಿದ ಅಂಚು ಚೂಪಾಗಿ ನಿಂತು, ಅಂಗೈಗೆ ಒಂದು ಕಣವೂ ಅಂಟದಿದ್ದರೆ ಸರಿ. ಉಂಡೆಯನ್ನು ಅಚ್ಚಿನ ಅಂಚಿನ ಮೇಲಿಡುವಳು. ಅಂಟಿದರೆ ನೆಲಕ್ಕೆ ಬಿಸಾಡುವಳು. ಕುಲುಮೆಯ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಅದಕ್ಕೇ ಮಾತಿಲ್ಲದ ಪದ್ಧತಿ. ನೆಲದ ಮೇಲೆ ಉಂಡೆ ಬಿದ್ದಿದ್ದರೆ, ಮಾಲೀಕನೇ ಬಂದು ಎದೆಗೆ ಒದ್ದರೂ ಯಾರೂ ಸುರಿಯುತ್ತಿರಲಿಲ್ಲ. ಹಸಿ ಅಚ್ಚಿಗೆ ಕಬ್ಬಿಣ ಬಿದ್ದರೆ ನೀರು ಒಂದೇ ಕ್ಷಣಕ್ಕೆ ಆವಿಯಾಗುತ್ತದೆ. ಆವಿಗೆ ಹೋಗಲು ದಾರಿ ಬೇಕು. ಅದು ಕಬ್ಬಿಣ ಬಂದ ದಾರಿಯಲ್ಲೇ, ಆ ಕಬ್ಬಿಣವನ್ನೂ ಹೊತ್ತುಕೊಂಡು, ಸುರಿಯುವವನ ಕಡೆ ಹಿಂತಿರುಗುತ್ತದೆ.

ಆಮೇಲೆ ಕಡ್ಡಿ ಬಂತು. ಮೊಣಕೈಯಷ್ಟು ಉದ್ದದ, ಹೊಳೆಯುವ ಕಡ್ಡಿ. ಮಿಲ್ಲಿನ ಒಳಗೆ ನಿಂತು ಮರಳಿನ ತೇವ ಅಳೆಯುತ್ತದೆ. ಒಣಗಿದ್ದರೆ ತಾನೇ ನೀರು ಬಿಡುತ್ತದೆ. ತೇವ ನೂರಕ್ಕೆ ಮೂರೂವರೆ ಪಾಲು ಮುಟ್ಟಿದಾಗ ಪರದೆಯನ್ನು ಹಸಿರು ಮಾಡುತ್ತದೆ. ಮಿಲ್ಲಿಗೆ ಮುಚ್ಚಳ ಹಾಕಿ, ಮೇಲೊಂದು ಫಲಕ ಬಡಿದರು: ಕೈ ಹಾಕಬಾರದು. ಎರಕದ ಸಾಮಾನು ಕೊಳ್ಳುವವರಿಗೆ ಮಾಲೀಕರು ಹಂಚಿದ ಬಣ್ಣದ ಪುಸ್ತಕದಲ್ಲಿ 'ಮನುಷ್ಯರ ಕೈ ಸೋಕದ ಮರಳು' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮರಳಕ್ಕನ ಕೈಗೆ ಪೊರಕೆ ಬಂತು.

"ಮರಳಿಗೂ ಮೈಲಿಗೆ ಬಂತಾ?" ಎಂದು ಅವಳು ಅಂದು ಸೀಟಿಯನ್ನು ಕೇಳಿದ್ದಳು.

"ನಿನ್ನ ಕೈ ಮುಟ್ಟಿದ್ರೆ ಬರುತ್ತೆ," ಎಂದಿದ್ದ.

ಬೆಳಗಿನ ಎರಕಗಳಿಗೆ ತೊಂದರೆ ಇರಲಿಲ್ಲ. ಅದನ್ನು ಅವಳು ಒಪ್ಪಿದ್ದಳು. ತೊಂದರೆಯೆಲ್ಲ ಮಧ್ಯಾಹ್ನ. ಬೆಳಗ್ಗೆ ಕಬ್ಬಿಣ ಕುಡಿದ ಮರಳನ್ನೇ ಒಡೆದು, ಜರಡಿ ಹಿಡಿದು, ಮತ್ತೆ ಮಿಲ್ಲಿಗೆ ಹಾಕುತ್ತಾರೆ. ಆಗ ಅದು ಬಿಸಿ. ಬಿಸಿ ಮರಳಿನ ಜೇಡಿ ಕಡ್ಡಿಗೆ ಮೆತ್ತಿಕೊಂಡು, ಅಲ್ಲೇ ಬೆಂದು, ಒಣಗಿ ಹಕ್ಕಳೆಯಾಗುತ್ತದೆ. ಕಡ್ಡಿ ಆ ಹಕ್ಕಳೆಯನ್ನು ಅಳೆದು, ಮರಳು ಒಣಗಿದೆ ಎಂದುಕೊಂಡು ನೀರು ಬಿಡುತ್ತದೆ. ಇನ್ನೂ ಬಿಡುತ್ತದೆ. ಪರದೆಯಲ್ಲಿ ಮೂರೂವರೆ ಬರುವ ಹೊತ್ತಿಗೆ ಸುತ್ತಲಿನ ಮರಳು ಕೆಸರಾಗಿರುತ್ತದೆ.

ಇದನ್ನು ಅವಳು ಎಂಜಿನಿಯರನಿಗೆ ಹೇಳಿದ್ದಳು. ಎದೆಗೆ ಟ್ಯಾಬು ಅವುಚಿಕೊಂಡೇ ತಿರುಗುವ ಅವನಿಗೆ ಟ್ಯಾಬಪ್ಪ ಎಂದು ಹೆಸರಿಟ್ಟವರು ಕುಲುಮೆಯವರು. ಅವನು ಕೆಟ್ಟವನಲ್ಲ. ಹೊರಬಿದ್ದ ಮರಳನ್ನು ತಾನೇ ಹಿಸುಕಿ ನೋಡಿದ, ಅಂಗೈಯೆಲ್ಲ ಕೆಸರಾಯಿತು.

"ನಾನು ಲೆಕ್ಕ ಹೊಂದಿಸಿದ್ದು ತಣ್ಣನೆ ಮರಳಿಗೆ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದ.

"ಗಂಟೆಗೊಂದ್ ಸಲ ಮುಚ್ಚಳ ತೆಗೆದು ಕೆರೀಬೇಕು ಕಣಪ್ಪಾ. ಚಾಕು ಕೊಡು, ನಾನೇ ಕೆರೀತೀನಿ."

"ಮುಚ್ಚಳ ತೆಗೆದ್ರೆ ಕೈ ಸೋಕ್ತು ಅಂತ ದಾಖಲಾಗುತ್ತಮ್ಮಾ. ಆ ದಾಖಲೆ ನೇರ ಕೊಳ್ಳೋರಿಗೆ ಹೋಗುತ್ತೆ." ಮಾಲೀಕರನ್ನು ಕೇಳುತ್ತೇನೆಂದು ಹೋದ. ಮಾರನೆಯ ದಿನದಿಂದ ಅವಳನ್ನು ಕಂಡರೆ ಟ್ಯಾಬಿನೊಳಗೆ ಕಣ್ಣು ಹುದುಗಿಸತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ಬಿಸಿಲು ಬಂದಿತ್ತು. ಒಳಗಿನಿಂದ ಢಬ್ ಎಂದು ಸದ್ದಾಯಿತು. ಎರಕದ ಮನೆಯಲ್ಲಿ ನೂರಾರು ಸದ್ದುಗಳಿವೆ. ಇದು ಯಾವುದೆಂದು ಮರಳಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎದ್ದು ಓಡಿದಳು. ಕಂಬಿಗಳು ತಿರುಗಲಿಲ್ಲ. ಅವಳು ಹೆಬ್ಬೆರಳು ಒತ್ತಿದಳು, ಕೆಂಪು. ಇನ್ನೊಂದು ಬೆರಳು, ಕೆಂಪು. ನೆಲಕ್ಕೆ ಬಿದ್ದು, ಹೊಟ್ಟೆಯ ಮೇಲೆ ತೆವಳಿ, ಕಂಬಿಗಳ ಕೆಳಗಿಂದ ಒಳಗೆ ನುಗ್ಗಿದಳು.

ತಮ್ಮ ಮರಳಿನ ಮೇಲೆ ಬಿದ್ದಿದ್ದ. ಕಬ್ಬಿಣ ಎಡಗಾಲಿನ ಬೂಟಿನೊಳಗೆ ಇಳಿದಿತ್ತು. ಕುಲುಮೆ ಮಾವ ಎಂದು ಎಲ್ಲರೂ ಕರೆಯುವ ಹಿರಿಯ ಕುಲುಮೆಯವನು ಚಾಕುವಿನಿಂದ ಲೇಸು ಕತ್ತರಿಸುತ್ತಿದ್ದ. ಬೂಟು ಬಂತು. ಅದರ ಜೊತೆ ಏನೇನು ಬಂತೆಂದು ಯಾರೂ ನೋಡಲಿಲ್ಲ.

"ಹಸಿರಿತ್ತಕ್ಕಾ," ಎಂದ ತಮ್ಮ. ಮತ್ತೆ ಮತ್ತೆ ಅದನ್ನೇ ಹೇಳಿದ. "ಹಸಿರೇ ಇತ್ತು."

ಮೂರನೆಯ ದಿನ ಮಾಲೀಕರು ಅವಳನ್ನು ಕಚೇರಿಗೆ ಕರೆಸಿದರು. ಅವಳು ಆ ತಣ್ಣನೆಯ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಮೇಜಿನ ಮೇಲೆ ಒಂದು ಕಾಗದ, ಒಂದು ಶಾಯಿಯ ಡಬ್ಬಿ. ಪಕ್ಕದಲ್ಲಿ ಸೀಟಿ, ಗೋಡೆಗೆ ಒರಗಿ ಟ್ಯಾಬಪ್ಪ.

"ಕೂತ್ಕೊಳಮ್ಮಾ," ಎಂದರು ಮಾಲೀಕರು. ಕುರ್ಚಿ ಇರಲಿಲ್ಲ. "ಕಾಲು ಹೇಗಿದೆ?"

"ಉಳಿಸ್ಬೇಕೋ ತೆಗೀಬೇಕೋ ನಾಳೆ ಹೇಳ್ತಾರಂತೆ."

"ಛೆ. ನೋಡು, ನಾವು ಕೈ ಬಿಡಲ್ಲ. ಆಸ್ಪತ್ರೆದು ನಾವೇ ನೋಡ್ಕೋತೀವಿ. ಓದಿ ಹೇಳೋ."

ಸೀಟಿ ಓದಿದ. ಎರಕದವನು ಅವಸರದಿಂದ, ಓರೆಯಾಗಿ ಸುರಿದದ್ದರಿಂದ ಅಪಘಾತವಾಯಿತು. ಮರಳಿನ ತೇವ ಸರಿಯಾಗಿತ್ತು. ಉಪಕರಣದಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಒಡಹುಟ್ಟಿದ ಅಕ್ಕನೂ ಹಳೆಯ ಕೆಲಸಗಾರಳೂ ಆದ ನಾನು ಬಲ್ಲೆ.

"ನಾನು ಗೇಟಲ್ಲಿದ್ದೆ," ಎಂದಳು ಮರಳಕ್ಕ. "ನಂಗೇನ್ ಗೊತ್ತು?"

"ದಾಖಲೆ ಇದೆಯಲ್ಲಮ್ಮಾ. ಮೂರೂವರೆ. ಯಂತ್ರ ಸುಳ್ಳು ಹೇಳಲ್ಲ."

"ಕಡ್ಡಿ ಸುಳ್ಳು ಹೇಳಲ್ಲ ಧಣಿ. ಅದರ ಮೈಮೇಲಿನ ಹಕ್ಕಳೆ ಹೇಳುತ್ತೆ. ಇವನನ್ನ ಕೇಳಿ."

ಎಲ್ಲರೂ ಟ್ಯಾಬಪ್ಪನ ಕಡೆ ನೋಡಿದರು. ಅವನು ಟ್ಯಾಬಿನೊಳಗೆ ಕಣ್ಣು ಇಳಿಸಿದ. "ಡೇಟಾ ಪ್ರಕಾರ… ಸರಿಯಾಗೇ ಇದೆ," ಎಂದ.

ಮಾಲೀಕರು ಶಾಯಿಯ ಡಬ್ಬಿಯನ್ನು ಅವಳ ಕಡೆ ತಳ್ಳಿದರು. "ಒತ್ತಮ್ಮಾ. ಒತ್ತಿದ್ರೆ ನಿನ್ನ ತಮ್ಮನಿಗೇ ಒಳ್ಳೇದು. ಇಲ್ಲಾಂದ್ರೆ ಆಸ್ಪತ್ರೆಯೋರು ನಾಳೆ ದುಡ್ಡಿಗೆ ನಿನ್ನನ್ನೇ ಕೇಳ್ತಾರೆ."

ಮರಳಕ್ಕ ಬಲಗೈ ಎತ್ತಿ, ಹೆಬ್ಬೆರಳನ್ನು ಅವರ ಮುಖದ ಮುಂದೆ ಹಿಡಿದಳು.

"ಆರು ತಿಂಗಳಿಂದ ಗೇಟಲ್ಲಿ ಇದು ಬೆರಳೇ ಅಲ್ಲ. ಇದಕ್ಕೆ ಗುರುತಿಲ್ಲ ಅಂತ ನನ್ನ ನಾಯಿ ಥರ ಬೆಂಚಲ್ಲಿ ಕೂರ್ಸಿದ್ರಿ. ಅವತ್ತು ಇದು ಬೆರಳಾಗಿದ್ರೆ ನಾನು ಒಳಗಿರ್ತಿದ್ದೆ. ನನ್ನ ತಮ್ಮನ ಕಾಲು ಕಾಲಾಗಿರ್ತಿತ್ತು. ಇವತ್ತು ಹೇಗ್ ಬೆರಳಾಯ್ತು ಧಣಿ?"

"ಏಯ್! ಯಾರ ಮುಂದೆ ಬೆರಳ್ ತೋರಿಸ್ತೀಯ, ಹಲ್ಕಾ ಹೆಂಗ್ಸೇ!" ಸೀಟಿ ಅವಳ ಮಣಿಕಟ್ಟು ಹಿಡಿದು ಶಾಯಿಯ ಕಡೆ ಎಳೆದ. ಅವಳು ಕೊಸರಲಿಲ್ಲ. ಆ ಕೈ ಕದಲಲೂ ಇಲ್ಲ. ದಿನಕ್ಕೆ ನಾಲ್ಕು ಟನ್ನು ಮರಳು ಎತ್ತಿದ ಕೈ.

"ಬಿಡೋ," ಎಂದಳು ಸೀಟಿಗೆ. ಮಾಲೀಕರತ್ತ ತಿರುಗಿದಳು. "ಒತ್ತೀನಿ. ಇಲ್ಲಲ್ಲ, ಕೆಳಗೆ. ಇವತ್ತು ಮಧ್ಯಾಹ್ನದ ಎರಕ ನೀವೂ ನೋಡ್ಬೇಕಲ್ಲ. ಅಲ್ಲೇ, ಎಲ್ಲರ ಮುಂದೆ ಒತ್ತೀನಿ."

ಮಾಲೀಕರು ಗಡಿಯಾರ ನೋಡಿದರು. ಅಂದು ದೊಡ್ಡ ಎರಕ, ಕೊಳ್ಳುವವರು ಕಾಯುತ್ತಿದ್ದ ಪಂಪಿನ ಕವಚ. ಹೇಗೂ ಇಳಿದು ಹೋಗಬೇಕಿತ್ತು. "ಆಯ್ತು," ಎಂದು ನಕ್ಕರು. "ಕಾಗದ ತಗೊಳೋ."

ಎರಕದ ಮನೆಯಲ್ಲಿ ಮಧ್ಯಾಹ್ನದ ಮಿಲ್ಲು ತಿರುಗಿ ನಿಂತಿತ್ತು. ಪರದೆ ಹಸಿರಾಗಿತ್ತು: ಮೂರೂವರೆ. ಅಚ್ಚು ಸಿದ್ಧವಾಗಿತ್ತು. ಸರಪಳಿಗೆ ನೇತುಬಿದ್ದ, ಸುರಿಯುವ ದೊಡ್ಡ ಬಾನಿಯಾದ ಲೇಡಲ್ಲಿನಲ್ಲಿ ಅರ್ಧ ಟನ್ನು ಕಬ್ಬಿಣ ಕಣ್ಣು ಕುಕ್ಕುವಷ್ಟು ಬೆಳ್ಳಗೆ ತುಳುಕುತ್ತಿತ್ತು. ತಮ್ಮನ ಜಾಗದಲ್ಲಿ ಕುಲುಮೆ ಮಾವ ಹಿಡಿಕೆ ಹಿಡಿದಿದ್ದ. ನೆಲದ ಮೇಲೆ ಹಳದಿ ಗೆರೆ. ಎರಕದವರನ್ನು ಬಿಟ್ಟು ಯಾರೂ ಅದನ್ನು ದಾಟುವಂತಿಲ್ಲ. ಮಾಲೀಕರು ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತರು.

ಮರಳಕ್ಕ ಗೆರೆ ದಾಟಿದಳು. ಅಚ್ಚಿನ ಪಕ್ಕದ ರಾಶಿಯಿಂದ ಒಂದು ಹಿಡಿ ಮರಳು ತೆಗೆದು ಹಿಸುಕಿದಳು. ಮುರಿದಳು. ಅಂಚು ಚೂಪಾಗಲಿಲ್ಲ, ನಾದಿದ ಹಿಟ್ಟಿನಂತೆ ಜಗ್ಗಿತು. ಅಂಗೈಯನ್ನು ಮಾವನಿಗೆ ತೋರಿಸಿದಳು.

ಉಂಡೆಯನ್ನು ನೆಲಕ್ಕೆ ಬಿಸಾಡಿದಳು.

ಆರು ತಿಂಗಳಾದ ಮೇಲೆ ಆ ನೆಲಕ್ಕೆ ಉಂಡೆ ಬಿದ್ದಿತ್ತು. ಕುಲುಮೆ ಮಾವ ಲೇಡಲ್ಲನ್ನು ಹಿಂದಕ್ಕೆ ಸರಿಸಿ, ಅದನ್ನು ಬಗ್ಗಿಸುವ ಗಾಲಿಗೆ ಬೀಗ ಹಾಕಿ, ಕೈಗವಸು ಬಿಚ್ಚಿದ. ಅವನ ಜೊತೆಯವರಿಬ್ಬರೂ ಹಿಂದೆ ಸರಿದರು. ಅಚ್ಚು ಕಟ್ಟುವವರು ಸಲಿಕೆ ಕೆಳಗಿಟ್ಟರು.

"ಏನೋ ಇದು! ಸುರೀರೋ ಸೂಳೆಮಕ್ಕಳಾ, ಹಸಿರು ಕಾಣಲ್ವಾ?" ಸೀಟಿ ಊದಿದ. "ಮುದುಕಾ, ನಿನ್ನ ಹೆಸರು ಬರ್ಕೊಳುತ್ತೆ!"

"ಬರ್ಕೊಳ್ಲಿ ಬಿಡಪ್ಪಾ," ಎಂದ ಮಾವ. "ಹೆಸರು ಬರ್ಕೊಳ್ಳೋಕೆ ಬರುತ್ತೆ, ಕಾಲು ಬರ್ಕೊಡೋಕೆ ಬರುತ್ತಾ ಕೇಳು."

ಯಾರೋ ನಕ್ಕರು.

"ಧಣೀ," ಎಂದಳು ಮರಳಕ್ಕ, "ಮರಳು ಸರಿಯಾಗಿದೆ ಅಂತ ಕಾಗದದಲ್ಲಿದೆ. ಹಸಿರೂ ಇದೆ. ನೀವು ಬಂದು ಇಲ್ಲಿ ನಿಲ್ಲಿ, ನನ್ನ ತಮ್ಮ ನಿಂತ ಜಾಗದಲ್ಲಿ. ಮಾವ ಸುರೀತಾನೆ. ಎರಕ ಆದ ತಕ್ಷಣ ಒತ್ತೀನಿ. ಹತ್ತೂ ಬೆರಳು ಒತ್ತೀನಿ."

ಮಾಲೀಕರು ಟ್ಯಾಬಪ್ಪನ ಕಡೆ ತಿರುಗಿದರು. "ನೀನು ಹೋಗಿ ನಿಲ್ಲೋ. ನಿನ್ನದೇ ಅಲ್ವಾ ಸಿಸ್ಟಮ್?"

ಟ್ಯಾಬಪ್ಪ ಎರಡು ಹೆಜ್ಜೆ ಬಂದ. ಹಳದಿ ಗೆರೆಯ ಹತ್ತಿರ ಅವನ ಬೂಟು ನಿಂತಿತು. ಟ್ಯಾಬಿನಲ್ಲಿನ ಹಸಿರು ಅವನ ಗಲ್ಲದ ಮೇಲೆ ಬಿದ್ದಿತ್ತು. ಅವನು ಅದನ್ನು ನೋಡಿದ, ನೆಲದ ಮೇಲಿನ ಉಂಡೆಯನ್ನು ನೋಡಿದ. ಗೆರೆ ದಾಟಲಿಲ್ಲ.

"ಸರ್," ಎಂದ, ಬಹಳ ಸಣ್ಣ ದನಿಯಲ್ಲಿ. "ನಾನು ಹೇಳಿದ್ದೆ ಸರ್, ಅವತ್ತೇ."

"ಬಾಯ್ಮುಚ್ಚೋ!"

ಲೇಡಲ್ಲಿನ ಬಿಳುಪು ಹಳದಿಗೆ ತಿರುಗಿತ್ತು. ಇನ್ನು ಹತ್ತು ನಿಮಿಷ ಹೀಗೇ ನಿಂತರೆ ಕಬ್ಬಿಣ ಅದರಲ್ಲೇ ಕಟ್ಟಿಕೊಳ್ಳುತ್ತದೆ. ಲೇಡಲ್ಲೂ ಹೋಯಿತು, ಎರಕವೂ ಹೋಯಿತು. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

"ಪೊಲೀಸ್ ಕರೆಸ್ತೀನಿ! ಒಬ್ಬೊಬ್ಬರನ್ನೂ ಬೀದಿಗೆ ಹಾಕ್ತೀನಿ!" ಮಾಲೀಕರು ಕೂಗಿದರು. ಗೆರೆಯ ಆಚೆಯಿಂದಲೇ.

ಮರಳಕ್ಕ ಮಿಲ್ಲಿನ ಕಡೆ ನಡೆದಳು. 'ಕೈ ಹಾಕಬಾರದು' ಎಂಬ ಫಲಕದ ಕೆಳಗೆ ಎರಡೂ ಕೈ ಕೊಟ್ಟು ಮುಚ್ಚಳವನ್ನು ಎತ್ತಿ ಹಿಂದಕ್ಕೆ ಬಡಿದಳು. ಸೈರನ್ನು ಕಿರುಚತೊಡಗಿತು, ಮಿಲ್ಲಿನ ಮೇಲಿನ ದೀಪ ಕೆಂಪಗೆ ಸುತ್ತಿತು. ಅವಳು ಹಬೆಯಾಡುವ ಮರಳಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಕಡ್ಡಿಯನ್ನು ತಡವಿ, ಸುತ್ತ ಬೆಂದಿದ್ದ ಹಕ್ಕಳೆಯನ್ನು ಉಗುರು ಹಾಕಿ ಕಿತ್ತಳು. ಬೆರಳುದ್ದದ ಚೂರು ಬಂತು, ಒಡೆದ ಕೊಳವೆಯಂತೆ ಒಳಗೆ ಬಾಗಿದ್ದು. ಕಡ್ಡಿಯನ್ನು ಅಪ್ಪಿಕೊಂಡಿದ್ದ ಒಳಮೈ ಬೂದಿಯಷ್ಟು ಒಣ. ಹೊರಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಿಸಿಗೆ ಅವಳ ಕೈ ಕೆಂಪೇರಿತ್ತು. ಹಾಗೆಯೇ ನಡೆದುಬಂದು, ಹಳದಿ ಗೆರೆ ದಾಟಿ, ಚೂರನ್ನು ಅಂಗೈ ಮೇಲಿಟ್ಟುಕೊಂಡು ಮಾಲೀಕರ ಮುಂದೆ ಹಿಡಿದಳು.

"ಮುಟ್ಟಿ ನೋಡಿ ಧಣಿ."

ಮಾಲೀಕರ ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಹೊರಗೆ ಬರಲಿಲ್ಲ.

"ಮುಟ್ರೀ."

ಸೈರನ್ನು ಕಿರುಚುತ್ತಲೇ ಇತ್ತು. ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ಅವಳ ಹಿಂದೆ ಲೇಡಲ್ಲಿನ ಕಬ್ಬಿಣ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಇಳಿಯಿತು. ಅದರ ಮೇಲೆ ಅಂಚಿನಿಂದ ನಡುವಿಗೆ ಒಂದು ಕಪ್ಪು ತೊಗಲು ನಿಧಾನವಾಗಿ ಹಬ್ಬತೊಡಗಿತು.