ಅಂಬಿಕಕ್ಕನ ಕೈಗೆ ಮಾತ್ರ ಕೇಳದ ಕೀಗಳು

"ಅಂಬಿಕಕ್ಕನ್ನ ಕೆಲಸದಿಂದ ಬಿಡಿಸ್ಯಾರ ಬೇ ಜ್ಯೋತಿ! ಆ ಕುರ್ಚಿ ಇವತ್ತಿಂದ ನಂದು!"

ಬಸ್ಸು ಮಸ್ಕಿ ದಾಟುವವರೆಗೂ ನನಗೆ ತಡೆಯಲಾಗಲಿಲ್ಲ. ಸೀಟು ಹಿಡಿದು ಕೂತಿದ್ದ ಜ್ಯೋತಿಯ ತೊಡೆಯ ಮೇಲೆ ಬ್ಯಾಗು ಎಸೆದು, ನಿಂತಲ್ಲಿಂದಲೇ ಕೂಗಿಬಿಟ್ಟೆ. ಹಿಂದಿನ ಸೀಟಿನ ಮುದುಕಿ ಕೂಡ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಖರೇನ? ಆರು ವರ್ಷದಿಂದ ಇದ್ದಾಕಿ ಅಲ್ಲೇನ ಆಕಿ?"

"ಇದ್ಲು. ಈಗ ಆಕಿ ಕೈಯಾಗ ಕೀ ನಡಿಯಂಗಿಲ್ಲ."

"ಕೀ ನಡಿಯಂಗಿಲ್ಲ ಅಂದ್ರ?"

"ಕೀಬೋರ್ಡಿನ ಕೀ ಬೇ. ಒತ್ತಿದ್ರ ಏನೂ ಆಗಂಗಿಲ್ಲ. ಹುಲಿಗೇಶಣ್ಣ ಒತ್ತಿದ್ರ ಆಕ್ಕಾವ, ಆಕಿ ಒತ್ತಿದ್ರ ಇಲ್ಲ."

"ನೀ ಒತ್ತಿದ್ರ?"

"ನನಗ ಯಾಕ ಬೇಕು ಕೀ? ಮೌಸ್ ಐತಲ್ಲ."

ಜ್ಯೋತಿ ನಗಲಿಲ್ಲ. "ಆಕಿನ ಅಲ್ಲೇನು ನಿನಗ ಕೆಲಸ ಕಲಿಸಿದಾಕಿ? ಹಲ್ಲು ಬಾಳ ಕಾಣಾಕತ್ತಾವ, ಮುಚ್ಕೋ."

ನಾನು ಬಾಯಿ ಮುಚ್ಚಿಕೊಂಡೆ. ಒಳಗೆ ಮಾತ್ರ ಸಿಂಧನೂರು ಬರುವವರೆಗೂ ಕುಣಿಯುತ್ತಲೇ ಇದ್ದೆ.

ಕಾಲೇಜಿಗೆ ರಜೆ ಬಿಟ್ಟ ಮೇಲೆ ಮಸ್ಕಿಯವರಾದ ನಾವಿಬ್ಬರೂ ಸಿಂಧನೂರಿಗೆ ಹೋಗಿ, ಜ್ಯೋತಿ ಬಟ್ಟೆ ಅಂಗಡಿಗೆ, ನಾನು ಹುಲಿಗೇಶಣ್ಣನ ಫ್ಲೆಕ್ಸ್ ಅಂಗಡಿಗೆ ಸೇರಿದ್ದೆವು. ಮದುವೆ, ಜಯಂತಿ, ಉರುಸು, ಹುಟ್ಟುಹಬ್ಬ, ಶ್ರದ್ಧಾಂಜಲಿ, ಏನೇ ಇದ್ದರೂ ಈ ಊರಲ್ಲಿ ಫ್ಲೆಕ್ಸ್ ಆಗಲೇಬೇಕು. ಅಷ್ಟನ್ನೂ ಒಬ್ಬಳೇ ಮಾಡುತ್ತಿದ್ದವಳು ಗೊರೇಬಾಳದ ಅಂಬಿಕಕ್ಕ. ಅವಳು ಡಿಸೈನ್ ಮಾಡುವುದನ್ನು ನೋಡಲೆಂದೇ ಗಿರಾಕಿಗಳು ಚಹಾ ತರಿಸಿಕೊಂಡು ಹಿಂದೆ ನಿಲ್ಲುತ್ತಿದ್ದರು. ಎಡಗೈ ಕೀಬೋರ್ಡಿನ ಮೇಲೆ, ಬಲಗೈ ಮೌಸಿನ ಮೇಲೆ, ಕಣ್ಣು ಎರಡರ ಮೇಲೂ ಇಲ್ಲ. ನಾನು ಮೆನು ತೆರೆದು, ಹುಡುಕಿ, ಕ್ಲಿಕ್ ಮಾಡುವಷ್ಟರಲ್ಲಿ ಅವಳು ನಾಲ್ಕು ಮುಖ ಕತ್ತರಿಸಿ ಕೂರಿಸಿರುತ್ತಿದ್ದಳು.

"ಸಂಘಮಿತ್ರಾ, ಮೌಸ್ ಹಿಡಕೊಂಡು ಎಷ್ಟು ದೂರ ಓಡಾಡ್ತಿ ಬೇ? ಮಸ್ಕಿಗೆ ಹೋಗಿ ಬಂದಂಗ ಆತು," ಎಂದು ನಗುತ್ತಿದ್ದಳು. ಒಂದು ದಿನ ಚೀಟಿಯಲ್ಲಿ, ಮೆನುವಿಗೆ ಹೋಗದೆ ಕೀ ಒತ್ತಿಯೇ ಕೆಲಸ ಮುಗಿಸುವ ಎಲ್ಲ ಶಾರ್ಟ್‌ಕಟ್‌ಗಳನ್ನು ನನಗಾಗಿ ದುಂಡಗೆ ಬರೆದು, ಮಾನಿಟರಿನ ಪಕ್ಕ ಅಂಟಿಸಿದಳು. ನಾನು ಅದನ್ನು ಓದಲೇ ಇಲ್ಲ.

ತೊಂದರೆ ಶುರುವಾದದ್ದು ಒಂದು ತಿಂಗಳ ಹಿಂದೆ. ಅಂಬಿಕಕ್ಕ ಕೆಲಸದ ನಡುವೆ ತಟ್ಟನೆ ನಿಂತುಬಿಡುತ್ತಿದ್ದಳು. ವಿ ಒತ್ತಿದರೆ ಚಿತ್ರ ಸರಿಸುವ ಬಾಣ ಬರುತ್ತಿರಲಿಲ್ಲ. ಝೆಡ್ ಒತ್ತಿದರೆ ಚಿತ್ರ ಹತ್ತಿರವಾಗುತ್ತಿರಲಿಲ್ಲ. ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಎಲ್ಲ ಸರಿ. ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಕೆಲವೊಮ್ಮೆ ಸತ್ತ ಕೀಗಳು ತಾವಾಗಿಯೇ ಎದ್ದು ಕೂರುತ್ತಿದ್ದವು.

ಕೀಬೋರ್ಡನ್ನು ತಲೆಕೆಳಗೆ ಮಾಡಿ ಬಡಿದೆವು. ಅವಲಕ್ಕಿ, ತಲೆಗೂದಲು, ಒಂದು ಸತ್ತ ಇರುವೆ ಉದುರಿದವು. ಹೊಸ ಕೀಬೋರ್ಡ್ ತಂದೆವು. ವೈರನ್ನು ಬೇರೆ ತೂತಿಗೆ ಹಾಕಿದೆವು. ಕ್ಯಾಪ್ಸ್ ಲಾಕ್ ನೋಡಿದೆವು. ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದೆವು. ಅಮಾವಾಸ್ಯೆಯ ದಿನ ಹುಲಿಗೇಶಣ್ಣ ಸಿಪಿಯು ಮೇಲೆ ನಿಂಬೆಹಣ್ಣನ್ನೂ ಇಟ್ಟ. ಯಾವುದಕ್ಕೂ ಬಗ್ಗಲಿಲ್ಲ. ಕನ್ನಡ ಟೈಪ್ ಮಾಡುವ ಹಳೆಯ ಸಾಫ್ಟ್‌ವೇರಿನ ಕಿಟಕಿಯಲ್ಲಿ ಮಾತ್ರ ಎಲ್ಲ ಕೀಗಳೂ ನೆಟ್ಟಗೆ ನಡೆಯುತ್ತಿದ್ದವು. ಅದೇ ಅವಳಿಗೆ ಕುತ್ತಾಯಿತು.

"ಟೈಪಿಂಗ್‌ನ್ಯಾಗ ನಡೀತಾವ, ಡಿಸೈನ್‌ನ್ಯಾಗ ನಡಿಯಂಗಿಲ್ಲ. ಅದೂ ನೀ ಕುಂತಾಗಷ್ಟ. ಕೀಬೋರ್ಡಿಗೇನು ನಿನ್ನ ಮ್ಯಾಲ ಸಿಟ್ಟೈತೇನು?" ಎಂದು ಹುಲಿಗೇಶಣ್ಣ ಅವಳನ್ನು ಎಬ್ಬಿಸಿ ತಾನು ಕೂರುತ್ತಿದ್ದ. ಸಾಫ್ಟ್‌ವೇರ್ ಮುಚ್ಚಿ, ತೆರೆದು, ಒಂದೊಂದೇ ಕೀ ಒತ್ತುತ್ತಿದ್ದ. "ನೋಡು, ನಡೀತು. ನೋಡು, ಇದೂ ನಡೀತು."

ಮಸ್ಕಿಯ ಹೊಸ ಬೇಕರಿಯವರ ಫ್ಲೆಕ್ಸ್ ಹೊತ್ತಿಗೆ ಸರಿಯಾಗಿ ತಯಾರಾಗಲಿಲ್ಲ. ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು, ಬಂದವರು ಕೇಕು ತಿಂದು ಹೋದ ಮೇಲೆ ಫ್ಲೆಕ್ಸ್ ಮುಟ್ಟಿತು. ಬೇಕರಿಯವರು ಸುತ್ತಿದ ಫ್ಲೆಕ್ಸನ್ನು ವಾಪಸು ತಂದು ಅಂಗಡಿ ಮುಂದೆ ಎಸೆದರು. ಒಳಗೆ ಆರೇಳು ಜನ ಗಿರಾಕಿಗಳಿದ್ದರು. ಅವರ ಮುಂದೆಯೇ ಹುಲಿಗೇಶಣ್ಣ ಬಾಯಿ ತೆರೆದ.

"ಕೈ ಹೋಗ್ಯಾವು ಅಂತ ಹೇಳಿ ಮನ್ಯಾಗ ಕುಂದ್ರು. ಇಲ್ಲಾ ಬೇಕಂತ ಮಾಡಾಕತ್ತೀದಿ ಅಂತ ಹೇಳು. ಎರಡ್ರಾಗ ಒಂದು ಹೇಳು."

ಅಂಬಿಕಕ್ಕ ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದಳು. ನಾನು ಆಗ ಏನು ಮಾಡುತ್ತಿದ್ದೆ? ಲ್ಯಾಮಿನೇಷನ್ ಮಾಡುತ್ತಿದ್ದೆ. ತಲೆ ಎತ್ತಲಿಲ್ಲ. ಸಂಜೆ ಹುಲಿಗೇಶಣ್ಣ, "ನಾಳಿಂದ ನೀ ಕುಂದ್ರವ್ವ. ನೀ ನಿಧಾನ, ಆದ್ರ ನಿನ್ನ ಕೈಯಾಗ ತಕರಾರಿಲ್ಲ. ಕಾಲೇಜು ಶುರುವಾದ ಮ್ಯಾಲ ಮಧ್ಯಾಹ್ನ ಬಂದ್ರೂ ನಡೀತೈತಿ," ಎಂದಾಗ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಕುರ್ಚಿಯಲ್ಲಿ ನಾನು ಎರಡು ದಿನ ಮೆರೆದೆ. ಮೂರನೆಯ ದಿನ ಹಟ್ಟಿಯಿಂದ ಒಂದು ಮಗುವಿನ ಹುಟ್ಟುಹಬ್ಬದ ಫ್ಲೆಕ್ಸ್ ಬಂತು. ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಅಪ್ಪ ಪಾಳಿ ಮುಗಿಸಿ ನೇರ ಬಂದಿದ್ದ, ಪಕ್ಕದ ಸ್ಟೂಲಿನಲ್ಲೇ ಕೂತಿದ್ದ. ನಾನು ಮಗುವಿನ ಮುಖವನ್ನು ಎಳೆದಾಗಲೆಲ್ಲ ಅದು ಒಂದು ಕಡೆ ಉದ್ದವಾಗಿ ಸೌತೆಕಾಯಿಯಂತಾಗುತ್ತಿತ್ತು.

"ಯವ್ವಾ, ನನ್ನ ಮಗ ಇಷ್ಟು ಉದ್ದ ಇಲ್ಲ," ಎಂದ ಆತ.

ಆಗ ಮೊದಲ ಸಲ ಅಂಬಿಕಕ್ಕನ ಚೀಟಿ ಓದಿದೆ. 'ಮುಖ ದೊಡ್ಡದು ಮಾಡಾಕ ಮೂಲಿ ಹಿಡಕೊಂಡು ಆಲ್ಟ್, ಶಿಫ್ಟ್ ಎರಡೂ ಒತ್ತು. ಮೂಗು ಸೊಟ್ಟ ಆಗಂಗಿಲ್ಲ.' ಒತ್ತಿದೆ. ಮುಖ ನಡುವಿನಿಂದಲೇ ಎಲ್ಲ ಕಡೆಗೂ ಸಮನಾಗಿ ಅರಳಿತು. ಅಪ್ಪನ ಮುಖವೂ ಅರಳಿತು. ಹುಮ್ಮಸ್ಸಿನಲ್ಲಿ ಚೀಟಿಯ ಮುಂದಿನ ಸಾಲು ನೋಡಿ ವಿ ಒತ್ತಿದೆ.

ಬಾಣ ಬರಲಿಲ್ಲ.

ಝೆಡ್ ಒತ್ತಿದೆ. ಏನೂ ಆಗಲಿಲ್ಲ. ಗಾಬರಿಯಲ್ಲಿ ಎಳೆದಾಡಿದ ಮೌಸು ಪರದೆಯ ತಳಕ್ಕೆ ಜಾರಿತು. ಡಿಸೈನಿಗೆ ಜಾಗ ಸಾಲದೆಂದು ಅಂಬಿಕಕ್ಕ ಕೆಳಗಿನ ಪಟ್ಟಿಯನ್ನು ಅಡಗಿಸಿಟ್ಟಿದ್ದಳು. ಮೌಸು ಮುಟ್ಟಿದಾಗ ಮಾತ್ರ ಅದು ಮೇಲೆ ಬರುತ್ತಿತ್ತು. ಬಂತು. ಮೂಲೆಯಲ್ಲಿ, ಗಡಿಯಾರದ ಪಕ್ಕ, ಒಂದು ಸಣ್ಣ ಕನ್ನಡ ಅಕ್ಷರ ಕೂತಿತ್ತು.

ಅದನ್ನು ಅಲ್ಲಿ ಕೂರಿಸಿದವಳು ನಾನು.

ಒಂದು ತಿಂಗಳ ಹಿಂದೆ, ಅಂಬಿಕಕ್ಕ ಊಟಕ್ಕೆ ಕೂತಿದ್ದಾಗ, ಪಾಮನಕಲ್ಲೂರಿನವರು ಶ್ರದ್ಧಾಂಜಲಿ ಫ್ಲೆಕ್ಸ್ ಬೇಕೆಂದು ಬಂದಿದ್ದರು. ಅಂಗಡಿಯ ಹಳೆಯ ಕನ್ನಡ ಟೈಪಿಂಗ್ ನನಗೆ ಬರುತ್ತಿರಲಿಲ್ಲ. ಅದರಲ್ಲಿ ಯಾವ ಅಕ್ಷರ ಎಲ್ಲಿದೆ ಎಂದು ಕಲಿಯಲು ಅಂಬಿಕಕ್ಕನಿಗೇ ಮೂರು ತಿಂಗಳು ಹಿಡಿದಿತ್ತಂತೆ. ನನಗೆ ಬರುತ್ತಿದ್ದದ್ದು ಫೋನಿನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ತರುವುದು. ವಿಡಿಯೋ ನೋಡಿ ಅಂಥದ್ದೇ ಒಂದು ಕನ್ನಡ ಕೀಬೋರ್ಡನ್ನು ಇಂಟರ್ನೆಟ್ಟಿನಿಂದ ಇಳಿಸಿ ಕಂಪ್ಯೂಟರಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ನಾಲ್ಕು ಸಾಲು ಮುಗಿಸಿದೆ.

ಅಂಬಿಕಕ್ಕ ಕೈ ತೊಳೆದು ಬಂದು ನೋಡಿ, "ಭಲೇ! ಹಳೇ ಟೈಪಿಂಗ್ ಕಲಿತೇನ?" ಎಂದಿದ್ದಳು.

"ಹೂಂ ಅಕ್ಕಾ," ಎಂದಿದ್ದೆ ನಾನು.

ಆ ಒಂದು ಹೂಂ.

ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರಿನ ಭಾಷೆ ಬದಲಾಗುತ್ತದೆ. ಎರಡನೆಯ ಭಾಷೆಯೇ ಇಲ್ಲದಾಗ ಬದಲಾಗಲು ಏನೂ ಇರಲಿಲ್ಲ. ನಾನು ಒಂದನ್ನು ತಂದು ಇಟ್ಟಿದ್ದೆ. ಅಂಬಿಕಕ್ಕ ಮುಖ ದೊಡ್ಡದು ಮಾಡಿದಾಗ ಭಾಷೆ ಕನ್ನಡಕ್ಕೆ ಹೋಗುತ್ತಿತ್ತು, ಇಂಗ್ಲಿಷ್ ಅಕ್ಷರಕ್ಕೆ ಕಾಯುವ ಸಾಫ್ಟ್‌ವೇರ್ ಕಿವುಡಾಗುತ್ತಿತ್ತು. ಇನ್ನೊಂದು ಮುಖ ದೊಡ್ಡದು ಮಾಡಿದರೆ, ಇಲ್ಲವೇ ಸಾಫ್ಟ್‌ವೇರ್ ಮುಚ್ಚಿ ತೆರೆದರೆ, ಇಂಗ್ಲಿಷಿಗೆ ತಿರುಗಿ ಬರುತ್ತಿತ್ತು. ಆ ಹಳೆಯ ಕಂಪ್ಯೂಟರಿನಲ್ಲಿ ಒಂದೊಂದು ಕಿಟಕಿಗೆ ಒಂದೊಂದು ಭಾಷೆ, ಅದಕ್ಕೇ ಟೈಪಿಂಗ್ ಕಿಟಕಿ ಚೆನ್ನಾಗಿತ್ತು. ಮುಖ ದೊಡ್ಡದು ಮಾಡದ ಹುಲಿಗೇಶಣ್ಣನಿಗೂ, ಮೌಸಿನಲ್ಲೇ ಡಿಸೈನ್ ಮಾಡುತ್ತಿದ್ದ ನನಗೂ ಏನೂ ಆಗಲಿಲ್ಲ. ಕೆಲಸ ಬಲ್ಲವಳಿಗೆ ಮಾತ್ರ ಆಯಿತು.

ಹಟ್ಟಿಯವರನ್ನು ಕಳಿಸಿ ಹುಲಿಗೇಶಣ್ಣನಿಗೆ ಎಲ್ಲ ಹೇಳಿದೆ. ಒತ್ತಿ ತೋರಿಸಿದೆ. ಅಕ್ಷರ ಬಂತು, ಹೋಯಿತು, ಬಂತು. ಆತ ಕಣ್ಣು ಕಿರಿದು ಮಾಡಿ ನೋಡಿದ.

"ತಗದು ಬಿಡು ಅದನ್ನ."

"ತಗೀತೀನಿ ಅಣ್ಣಾ. ಅಂಬಿಕಕ್ಕನ್ನ ಕರೀರಿ."

"ಕರದು ಏನನ್ನಲಿ? ಅಷ್ಟು ಮಂದಿ ಮುಂದ ಬೈದೀನಿ. ಈಗ ಗೊರೇಬಾಳಕ್ಕ ಹೋಗಿ ಕೈ ಮುಗಿದು ನಿಂದ್ರಲೇನು? ಗಿರಾಕಿ ನಗಂಗಿಲ್ಲೇನು? ಆಗಿದ್ದು ಆತು."

"ತಪ್ಪು ನಂದೈತಿ ಅಣ್ಣಾ."

"ನಿನ್ನ ತಪ್ಪು ನಾ ಕೇಳೇನೇನು? ಯಾರ ಮುಂದನೂ ಬಾಯಿ ಬಿಡಬ್ಯಾಡ. ನಾಳೆ ನಾ ರಾಯಚೂರಿಗೆ ಹೊಕ್ಕೀನಿ. ಹತ್ತಕ್ಕ ನೀನ ಅಂಗಡಿ ತಗಿ." ಶಟರಿನ ಬೀಗದ ಕೈ ನನ್ನ ಮುಂದೆ ಇಟ್ಟ. "ಬಾಗಿಲಾ ಮುಚ್ಚಿರಬಾರದು ಮತ್ತ. ಮುಚ್ಚಿತ್ತಂದ್ರ ನೀನೂ ಆಕಿ ಹಿಂದ ಹೋಗಾಕಿನ."

ಎರಡು ನಿಮಿಷದ ಕೆಲಸ. ಕನ್ನಡ ಕೀಬೋರ್ಡನ್ನು ತೆಗೆದೆ. ಒಂದು ತಿಂಗಳು ಎಲ್ಲರೂ ಹುಡುಕಿದ ರೋಗ ಎರಡು ನಿಮಿಷದಲ್ಲಿ ಹೋಯಿತು. ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡು, ಬಿಸಿಲು ಇಳಿಯುವ ಮೊದಲೇ ಗೊರೇಬಾಳದ ಆಟೋ ಹತ್ತಿದೆ.

ಅಂಬಿಕಕ್ಕನ ಅವ್ವ ಕರೆಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. "ಬಾರವ್ವ. ನೀನರ ಹೇಳು ಆಕಿಗೆ, ಊಟ ಮಾಡವಲ್ಲಳು," ಎಂದಳು.

ಒಳಗೆ ಅಂಬಿಕಕ್ಕ ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಎಡಗೈ ಇಳಿಬಿಟ್ಟು ಕೂತಿದ್ದಳು. ಮಣಿಕಟ್ಟಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿತ್ತು.

"ಕುಂದ್ರು ಬಾ. ನರದ ವೀಕ್ನೆಸ್ ಇರಬೇಕು ಅಂದ್ರು ಯಾರೋ. ದಿನಾ ಮೂರು ಸಲ ನೀರಾಗ ಇಡಾಕತ್ತೀನಿ. ನನಗ ಗೊತ್ತ ಆಗಂಗಿಲ್ಲ ನೋಡು, ಒತ್ತಿದ್ದು ಒತ್ತೇನೋ ಇಲ್ಲೋ ಅಂತ."

ನಾನು ಕೂರಲಿಲ್ಲ. ಬಾಗಿಲಿಗೆ ಒರಗಿ ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. ಪಾಮನಕಲ್ಲೂರಿನ ಫ್ಲೆಕ್ಸು, ಕನ್ನಡ ಕೀಬೋರ್ಡು, ಆಲ್ಟು, ಶಿಫ್ಟು, ನಾನು ಅಂದ ಹೂಂ. ಹೇಳುತ್ತಾ ಹೇಳುತ್ತಾ ಅಳು ಬಂತು. ಅವಳು ಕೈಯನ್ನು ನೀರಿನಿಂದ ತೆಗೆದು, ಐದೂ ಬೆರಳುಗಳನ್ನು ಮುಖದ ಮುಂದೆ ಹಿಡಿದು ನೋಡಿದಳು. ನೀರು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ನಾನು ನನ್ನ ಬೆರಳಿಗೆ ಬೈಯಾಕತ್ತಿದ್ದೆ," ಎಂದಳು. "ಲಿಂಗಸುಗೂರಿನ ಮಕ್ತುಮ್‌ಸಾಬ್ ಅಂಗಡಿಗೆ ಹೋಗಿದ್ದೆ ನಿನ್ನೆ. ಅವರು ಹೊಸದಾಗಿ ಫ್ಲೆಕ್ಸ್ ಮಷೀನ್ ಹಾಕ್ಯಾರಲ್ಲ, ಡಿಸೈನರ್ ಬೇಕಾಗ್ಯಾಳ. ನಾ ಹೋಗೋದ್ರಾಗ ಹುಲಿಗೇಶನ ಫೋನು ಹೋಗೈತಿ. 'ಅಮ್ಮಾ, ನಿಮ್ಮ ಕೈಯಾಗ ಕೀ ನಡಿಯಂಗಿಲ್ಲಂತಲ್ರೀ' ಅಂದ ಆತ. ಆದ್ರೂ ಕುಂದ್ರಿಸಿದ ಪುಣ್ಯಾತ್ಮ. ಕುಂತೆ. ಅಲ್ಲಿ ಕೀ ಎಲ್ಲಾ ಬರಾಬರಿ ಇದ್ವು, ನಾನ ಒತ್ತಲಿಲ್ಲ. ಹೆದರಿ ಎದ್ದು ಬಂದೆ."

"ತಪ್ಪಾತು ಅಕ್ಕಾ."

"ಅದನ್ನ ಅನಬ್ಯಾಡ. ಅದು ನನಗ ಏನೂ ಕೆಲಸಕ್ಕ ಬರಂಗಿಲ್ಲ." ಅವಳ ದನಿ ಏರಲೇ ಇಲ್ಲ. "ಹುಲಿಗೇಶಗ ಹೇಳಿದೇನು?"

"ಹೇಳಿದೆ. ಯಾರ ಮುಂದನೂ ಹೇಳಬ್ಯಾಡ ಅಂದ."

"ಅನ್ನಲಾರದ ಏನು." ನಕ್ಕಳು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. "ಆರು ವರ್ಷ. ಆರು ವರ್ಷದಾಗ ಒಂದು ಸಲನೂ ಆತಗ, ತಪ್ಪು ಕಂಪ್ಯೂಟರಿಂದು ಇರಬೇಕು ಅಂತ ಅನಸಲಿಲ್ಲ ನೋಡು. ನಿನಗೂ ಅನಸಲಿಲ್ಲ. ನನಗೂ ಅನಸಲಿಲ್ಲ ಬಿಡು."

ಕರೆಮ್ಮ ಹೊರಗಿನಿಂದ ಚಹಾ ಇಡಲೇ ಎಂದು ಕೇಳಿದಳು.

ಅಂಬಿಕಕ್ಕ ಮಣಿಕಟ್ಟಿನ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಬೋಗುಣಿಯ ನೀರನ್ನು ಬಚ್ಚಲಿಗೆ ಚೆಲ್ಲಿ ಬಂದಳು.

"ಆ ಕೀಬೋರ್ಡು ಇನ್ನೊಂದು ಕಂಪ್ಯೂಟರಿಗೆ ಹಾಕಾಕ ಬರ್ತೈತೇನು ನಿನಗ?"

"ಬರ್ತೈತಿ."

"ಮಕ್ತುಮ್‌ಸಾಬ್ ಮುಂದ ಹಾಕು. ನಾ ಮುಖ ದೊಡ್ಡದು ಮಾಡ್ತೀನಿ, ಕೀ ಸಾಯ್ಲಿ. ನೀ ತಗಿ, ಕೀ ಏಳ್ಲಿ. 'ಹುಲಿಗೇಶನ ಅಂಗಡ್ಯಾಗ ಇದನ್ನ ಹಾಕಿದಾಕಿ ನಾನು' ಅಂತ ನಿನ್ನ ಬಾಯಿಲೆ ಹೇಳು. ನಾ ಹೇಳಿದ್ರ ನಂಬಂಗಿಲ್ಲ, ಕೈ ಹೋದಾಕಿ ನೆಪ ಹೇಳ್ತಾಳ ಅಂತಾರ. ಬರ್ತಿಯೇನು?"

"ಯಾವಾಗ ಅಕ್ಕಾ?"

"ನಾಳೆ ಹತ್ತಕ್ಕ. ಹನ್ನೊಂದರ ಮ್ಯಾಲ ಆತ ಸಿಗಂಗಿಲ್ಲ, ನಾಡಿದ್ದು ಆ ಕೆಲಸಕ್ಕ ಬ್ಯಾರೆ ಯಾರೋ ಬರೋರದಾರಂತ."

ಬ್ಯಾಗಿನೊಳಗೆ ಕೈ ಹಾಕಿದೆ. ಶಟರಿನ ಬೀಗದ ಕೈ ಬೆರಳಿಗೆ ತಣ್ಣಗೆ ತಾಗಿತು. ಅದನ್ನು ಹೊರಗೆ ತೆಗೆದು ತೋರಿಸಿದೆ. "ನಾಳೆ ಹತ್ತಕ್ಕ ಅಂಗಡಿ ನಾನ ತಗೀಬೇಕು. ಮುಚ್ಚಿತ್ತಂದ್ರ ನನ್ನನ್ನೂ ಬಿಡಸ್ತಾನ."

ಅಂಬಿಕಕ್ಕ ಅದನ್ನು ನೋಡಿದಳು. ಪಾಪ ಎನ್ನಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ.

"ಹಂಗಾರ ಬಿಡಸ್ಲಿ," ಎಂದಳು.

ಆಟೋದವನು ರಸ್ತೆಯಲ್ಲಿ ಹಾರನ್ ಹೊಡೆಯುತ್ತಿದ್ದ. ನಾನು ಬೀಗದ ಕೈಯನ್ನು ದುಪಟ್ಟಾದ ತುದಿಗೆ ಕಟ್ಟಿಕೊಂಡೆ. ಬೆಳಿಗ್ಗೆ ಅದನ್ನು ಜ್ಯೋತಿಯ ಕೈಗೆ ಕೊಟ್ಟು, ಹುಲಿಗೇಶಣ್ಣನ ಮನೆಗೆ ಮುಟ್ಟಿಸಲು ಹೇಳಬೇಕು. ಆ ಹುಡುಗಿ ಈ ಸಲವೂ ನಗುವುದಿಲ್ಲ.

"ಎಲ್ಲಿ ನಿಂದ್ರಲಿ ಅಕ್ಕಾ?"

"ಲಿಂಗಸುಗೂರು ಬಸ್ ಸ್ಟ್ಯಾಂಡ್‌ನ್ಯಾಗ. ನೀ ಮಸ್ಕಿಯಿಂದ ಬಾ, ನಾ ಇಲ್ಲಿಂದ ಬರ್ತೀನಿ. ಹತ್ತಕ್ಕ ಅಂದ್ರ ಹತ್ತಕ್ಕ."