ಮುಚ್ಚಳ ಹಾಕಿದ ಅನ್ನದ ಬಟ್ಟಲು

ಕೈಹಿಡಿತ ಅಳೆಯುವ ಮಾಪಕದ ಮುಳ್ಳು ಇಪ್ಪತ್ತೊಂಬತ್ತಕ್ಕೆ ನಿಂತಿತು. ತಾಕ್ ಹ್ಯೆಜಿನ್ ಹಲ್ಲು ಕಚ್ಚಿ ಎಡಗೈಯ ಬೆರಳುಗಳನ್ನು ಮತ್ತೊಮ್ಮೆ ಬಿಗಿದಳು. ಮುಳ್ಳು ಕದಲಲಿಲ್ಲ.

ಗುನ್ಸಾನ್ ಬಂದರಿನ ಅಗ್ನಿಶಾಮಕ ಠಾಣೆಯ ರಕ್ಷಣಾ ತಂಡದಲ್ಲಿ ಉಳಿಯಬೇಕಾದರೆ ಎರಡೂ ಕೈಗಳ ಹಿಡಿತ ತಲಾ ಮೂವತ್ತೆರಡು ಕಿಲೋ ಮುಟ್ಟಬೇಕಿತ್ತು. ಹಿಂದಿನ ವರ್ಷ ಅವಳದು ಮೂವತ್ತೆಂಟು.

"ಹದಿನಾಲ್ಕು ಕಿಲೋ ತೂಕ ಇಳಿಸಿದೆ, ಜೊತೆಗೆ ತೋಳೂ ಇಳಿಸ್ಕೊಂಡೆ," ಎಂದ ತಂಡದ ನಾಯಕ ಪ್ಯೋ. "ಆ ಹಸಿವು ಕೊಲ್ಲೋ ಸೂಜಿ ಬಿಡು, ಇಲ್ಲ ತಂಡ ಬಿಡು. ಎರಡು ತಿಂಗಳಿಗೆ ಮರುಪರೀಕ್ಷೆ. ಸೋತ್ರೆ ಮೂಲೇಲಿರೋ ಆ ಫೋನ್ ಎತ್ತೋ ಕುರ್ಚಿ ನಿನ್ನದೇ."

"ಎರಡನ್ನೂ ಬಿಡಲ್ಲ ಸಾರ್."

ಹಸಿವು ತಗ್ಗಿಸಿ ತೂಕ ಇಳಿಸುವ ಆ ವಾರಕ್ಕೊಂದು ಚುಚ್ಚುಮದ್ದು ವೈದ್ಯರೇ ಬರೆದುಕೊಟ್ಟದ್ದು. ತೂಕ ಇಳಿದ ಮೇಲೆಯೇ ಅವಳ ಮೊಣಕಾಲುಗಳು ಏಣಿಯ ಮೇಲೆ ನೋವಿಲ್ಲದೆ ಬಾಗತೊಡಗಿದ್ದವು. ಹಾಗಾದರೆ ತಪ್ಪಿದ್ದೆಲ್ಲಿ? ಆಸ್ಪತ್ರೆಯ ಆಹಾರ ತಜ್ಞೆ ಒಂದೇ ಪ್ರಶ್ನೆಯಲ್ಲಿ ಅದನ್ನು ಹಿಡಿದಳು.

"ಊಟಕ್ಕೆ ಕೂತಾಗ ಮೊದಲು ಏನು ತಿಂತೀರಿ?"

"ಎಲ್ಲರ ಹಾಗೇನೇ. ಎರಡು ಚಮಚ ಸಾರು, ಆಮೇಲೆ ಅನ್ನ, ಕಿಮ್ಚಿ. ಅಷ್ಟಕ್ಕೇ ಹೊಟ್ಟೆ ಸಾಕು ಅನ್ನತ್ತೆ."

"ಮೀನು?"

"ಅದರ ಸರದಿ ಬರೋದೇ ಇಲ್ಲ."

"ಅದಕ್ಕೇ ತೋಳು ಕರಗಿರೋದು. ಈಗ ಹೊಟ್ಟೇಲಿ ಜಾಗ ಕಮ್ಮಿ. ಮೀನು, ಮೊಟ್ಟೆ, ತೋಫು ಮೊದಲು. ಆಮೇಲೆ ತರಕಾರಿ. ಅನ್ನ ಕೊನೆಗೆ. ಹಸಿವಾಗದಿದ್ರೂ ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನಿ. ನೀರು ಮರೀಬೇಡಿ. ಭಾರ ಎತ್ತೋದು ನಿಲ್ಲಿಸಬೇಡಿ."

ಅಂದು ಸಂಜೆ ಮನೆಯಲ್ಲಿ ಅತ್ತೆ ಅನ್ನದ ಬಟ್ಟಲನ್ನು ಮುಂದಿಟ್ಟರು. ಹ್ಯೆಜಿನ್ ಅದರ ಮೇಲೆ ಹಿತ್ತಾಳೆಯ ಮುಚ್ಚಳವನ್ನು ಮುಚ್ಚಿ, ಚಮಚವನ್ನು ಮುಟ್ಟದೆ ಊಟದ ಕಡ್ಡಿಗಳನ್ನು ನೇರವಾಗಿ ಸುಟ್ಟ ಬಂಗುಡೆಯತ್ತ ಚಾಚಿದಳು.

"ಏನೇ ಇದು? ಬಿಸಿ ಅನ್ನಕ್ಕೆ ಮುಚ್ಚಳ ಹಾಕ್ತೀಯಾ?" ಅತ್ತೆಯ ಸ್ವರ ಏರಿತು. "ಮೀನಿರೋದು ಅನ್ನಕ್ಕೆ ನಂಚ್ಕೊಳ್ಳೋಕೆ. ಬರೀ ಮೀನು ಬೆಕ್ಕು ತಿನ್ನತ್ತೆ."

"ಹಾಗಾದ್ರೆ ಮಿಯಾಂವ್, ಅತ್ತೆ."

ಮೂರು ವಾರ ಅತ್ತೆ ಮುಚ್ಚಳವಿಲ್ಲದ ಅನ್ನದ ಬಟ್ಟಲನ್ನೇ ಅವಳ ಮುಂದೆ ಇಡುತ್ತಿದ್ದರು. ಹ್ಯೆಜಿನ್ ಸೋಲಲಿಲ್ಲ. ಬೆಳಗ್ಗೆ ತೋಫು, ಠಾಣೆಯಲ್ಲಿ ಜೇಬಿನೊಳಗಿನ ಬೇಯಿಸಿದ ಮೊಟ್ಟೆ. ಮದ್ದಿನಿಂದ ವಾಕರಿಕೆ ಬಂದ ದಿನ ತುತ್ತುಗಳನ್ನು ಚಿಕ್ಕದಾಗಿಸಿದಳೇ ಹೊರತು ಊಟ ಬಿಡಲಿಲ್ಲ. ಮರಳಿನ ಚೀಲ ಹೊತ್ತು ತರಬೇತಿ ಗೋಪುರ ಹತ್ತಿಳಿದಳು. ನಾಲ್ಕನೆಯ ವಾರ ಊಟಕ್ಕೆ ಬಂದಾಗ ಅವಳ ಬಟ್ಟಲಿಗೆ ಮುಚ್ಚಳ ಮೊದಲೇ ಬಿದ್ದಿತ್ತು. ಅತ್ತೆ ಬಂಗುಡೆಯ ದಪ್ಪ ಹೊಟ್ಟೆಭಾಗವನ್ನು ಅವಳತ್ತ ತಳ್ಳಿದರು.

"ಬೆಕ್ಕಿಗೆ," ಎಂದರು, ಮುಖ ನೋಡದೆ.

ಮರುಪರೀಕ್ಷೆಯ ದಿನ ಬಲಗೈ ಮೂವತ್ತಮೂರು ತೋರಿತು.

"ಯಂತ್ರ ಕೆಟ್ಟಿರ್ಬೇಕು," ಎಂದ ಪ್ಯೋ.

"ಬೇಕಾದ್ರೆ ನೀವೇ ಹಿಡಿದು ನೋಡಿ ಸಾರ್."

ಅವನು ಹಿಡಿಯಲಿಲ್ಲ, ಎಡಗೈಗೆ ಸನ್ನೆ ಮಾಡಿದ. ಇಪ್ಪತ್ತೊಂಬತ್ತು ದಾಟಿತು. ಮೂವತ್ತು. ಮೂವತ್ತೊಂದರ ಬಳಿ ಮುಳ್ಳು ನಿಂತು ನಡುಗಿತು. ಹ್ಯೆಜಿನ್‌ಳ ಮೊಣಕೈಯಿಂದ ಮಣಿಕಟ್ಟಿನವರೆಗೆ ನರಗಳು ಉಬ್ಬಿದವು. ಮುಳ್ಳು ಇನ್ನೊಂದು ಗೆರೆ ಜರುಗಿತು.

ಮೂವತ್ತೆರಡು.

ಪ್ಯೋ ಹಾಳೆಗೆ ರುಜು ಹಾಕಿದ. "ಮತ್ತೆ ಆ ಸೂಜಿ?"

"ನಾಳೆ ಅದರ ದಿನ. ಈಗ ತಿನ್ನೋ ಹೊತ್ತು."

ಜೇಬಿನಿಂದ ಮೊಟ್ಟೆಯೊಂದನ್ನು ತೆಗೆದು, ಫೋನಿನ ಮುಂದೆ ಖಾಲಿಯಿದ್ದ ಆ ಕುರ್ಚಿಯ ಕೈಗೆ ಟಪ್ಪನೆ ಕುಟ್ಟಿ ಒಡೆದಳು.